ಕೊನೆಗೆ ಶೋ ಇರುತ್ತಲ್ವಾ?

ನಾಟಕದ ಕ್ಲಾಸಿಗೆ ಮಗುವನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು ಹೆಚ್ಚುಕಮ್ಮಿ ಎಲ್ಲರೂ ಮೊದಲು ಕೇಳುವುದು ಇದನ್ನೇ. "ಕೊನೆಗೆ ಶೋ ಇರುತ್ತಲ್ವಾ ಮೇಡಂ?" ಆಮೇಲಿನ ಪ್ರಶ್ನೆ, "ಒಳ್ಳೆ ಪಾರ್ಟ್ ಸಿಗುತ್ತಾ?" ಮೂರನೆಯದು ಸ್ವಲ್ಪ ದನಿ ತಗ್ಗಿಸಿ, ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುವಾಗಲೇ, "ತುಂಬಾ ನಾಚಿಕೆ ಇವಳಿಗೆ. ಸರಿ ಹೋಗ್ತಾಳಾ?"

ಮಕ್ಕಳ ನಾಟಕ ಆಡುವ ತಂಡಗಳ ಜೊತೆ ನಾನು ಸುಮಾರು ವರ್ಷಗಳಿಂದ ಇದ್ದೇನೆ. ಮೊದಲು ಲೈಟಿಂಗ್, ಆಮೇಲೆ ಬ್ಯಾಕ್‌ಸ್ಟೇಜ್, ಈಗ ಶನಿವಾರ ಶನಿವಾರ ಮಕ್ಕಳಿಗೆ ಕ್ಲಾಸ್. ಈ ಮೂರೂ ಪ್ರಶ್ನೆಗೆ ಇಷ್ಟು ದಿನ ನಗುತ್ತಾ ಏನೋ ಒಂದು ಹೇಳಿ ಕಳಿಸುತ್ತಿದ್ದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಬೇಜಾರಾದರೆ ಸ್ಕ್ರೋಲ್ ಮಾಡಿಕೊಂಡು ಹೋಗಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಮಕ್ಕಳಿಗಾಗಿ ದೊಡ್ಡವರು ಆಡುವ ನಾಟಕ ಬೇರೆ. ಮಕ್ಕಳೇ ಆಡುವ ನಾಟಕ ಬೇರೆ. ಕ್ಲಾಸಿನಲ್ಲಿ ಮಕ್ಕಳು ನಾಟಕ ಮಾಡುತ್ತಾ ಕಲಿಯುವುದು ಇನ್ನೂ ಬೇರೆ, ಅದಕ್ಕೆ ನೋಡುವವರೇ ಬೇಕಾಗಿಲ್ಲ. ಮೂರನ್ನೂ "ಮಕ್ಕಳ ನಾಟಕ" ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಆಮೇಲೆ ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ಕೇಳುತ್ತೇವೆ.

ದೊಡ್ಡವರ ನಾಟಕದಲ್ಲಿ ಅವಕಾಶ ಸಿಗದವರು ಮಕ್ಕಳ ನಾಟಕ ಮಾಡುತ್ತಾರೆ ಅನ್ನುವ ಮಾತು ನಮ್ಮ ರಂಗದವರ ಬಾಯಲ್ಲೇ ಕೇಳಿದ್ದೇನೆ. ಅವರು ಒಂದು ಸಲ ನಾಲ್ಕು ವರ್ಷದವರ ಮುಂದೆ ನಿಲ್ಲಲಿ, ಸಾಕು. ದೊಡ್ಡವರಿಗೆ ಬೇಜಾರಾದರೆ ಸುಮ್ನೆ ಕೂತು ಫೋನ್ ನೋಡುತ್ತಾರೆ, ಕೊನೆಗೆ ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಾರೆ. ಮಗು ಹಾಗಲ್ಲ. "ಅಮ್ಮಾ, ಮನೆಗೆ ಹೋಗೋಣ" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಹೇಳುತ್ತದೆ. ಒಬ್ಬರು ಹೇಳಿದರೆ ಮುಗಿಯಿತು, ಐದು ನಿಮಿಷದಲ್ಲಿ ಅರ್ಧ ಹಾಲ್‌ಗೆ ಸೂಸೂ ಬಂದಿರುತ್ತದೆ.

ಲೈಟಿನವಳಾಗಿ ನಾನು ಕಲಿತ ಮೊದಲ ಪಾಠ ಬ್ಲ್ಯಾಕ್‌ಔಟ್‌ದು. ದೊಡ್ಡವರ ನಾಟಕದಲ್ಲಿ ಸೀನ್ ಮುಗಿದರೆ ಫಕ್ ಅಂತ ಆರಿಸುತ್ತೇವೆ. ಚಿಕ್ಕ ಮಕ್ಕಳ ಮುಂದೆ ಹಾಗೆ ಮಾಡಿದರೆ ಕತ್ತಲಲ್ಲಿ ಒಂದು ಮಗು ಅಳುತ್ತದೆ. ಅದನ್ನು ಕೇಳಿ ಪಕ್ಕದ್ದು. ಆಮೇಲೆ ಲೈಟ್ ಬಂದರೂ ನಾಟಕ ವಾಪಸ್ ಬರುವುದಿಲ್ಲ. ಹಾಗಾಗಿ ನಾವು ಬೆಳಕು ಏರಿಸಿ ಇಳಿಸುವ ಡಿಮ್ಮರನ್ನು ಸೊನ್ನೆಗೆ ಇಳಿಸುವುದೇ ಇಲ್ಲ, ಎಲ್ಲೋ ಒಂದು ತೆಳು ನೀಲಿ ಉಳಿಸುತ್ತೇವೆ. ಹಾಲಿನ ದೀಪಗಳನ್ನು ತಗ್ಗಿಸುವ ಮೊದಲೇ ಒಬ್ಬ ನಟ ಸ್ಟೇಜಿಗೆ ಬಂದು ಮಾತಿಗೆ ಶುರು ಮಾಡಿರುತ್ತಾನೆ. ಮಕ್ಕಳು ಅವನನ್ನು ನೋಡುತ್ತಿರುವಾಗ ಕತ್ತಲಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಇಂಥದ್ದು ನೂರು ಇವೆ. ತೀರಾ ಚಿಕ್ಕವರಿಗೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಕುರ್ಚಿಗಿಂತ ನೆಲ ವಾಸಿ. ಎಂಟ್ರಿ ಹಿಂದಿನಿಂದ ಬೇಡ, ಬೆಚ್ಚಿ ಬೀಳುತ್ತಾರೆ.

ಜಗತ್ತಿನಲ್ಲಿ ಇದನ್ನು ಒಂದು ಕಸುಬಾಗಿ ಹಿಡಿದವರು ಎಷ್ಟು ದೂರ ಹೋಗಿದ್ದಾರೆ ನೋಡಿ. ಇಟಲಿಯ ಬೊಲೊನ್ಯಾದ ಲಾ ಬರಾಕ್ಕಾ ತಂಡ 1987ರಿಂದ ಮೂರು ವರ್ಷದೊಳಗಿನ ಕೂಸುಗಳಿಗೆ ಅಂತಲೇ ನಾಟಕ ಕಟ್ಟುತ್ತಿದೆ. ಲಂಡನ್ನಿನಲ್ಲಿ 1981ರಲ್ಲಿ ಶುರುವಾದ ಆಯ್ಲಿ ಕಾರ್ಟ್ ತಂಡ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಬೆಚ್ಚಗಿನ ನೀರಿನ ಕೊಳದಲ್ಲಿ, ಟ್ರ್ಯಾಂಪೊಲಿನ್ ಮೇಲೆ ನಾಟಕ ಆಡಿದೆ. ನೋಡುವ ಮಗು ನೀರಲ್ಲಿ ತೇಲುತ್ತಿರುತ್ತದೆ, ನಾಟಕ ಅದರ ಸುತ್ತ ನಡೆಯುತ್ತದೆ. ಸಾವಿರ ಟಿಕೆಟ್ ಮಾರುವ ಲೆಕ್ಕದಲ್ಲಿ ಇದು ಹುಚ್ಚು. ಆದರೆ ಆ ಮಗುವಿಗೂ ನಾಟಕ ಬೇಕಲ್ವಾ? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟ, ವಿಶ್ರಾಂತಿಯ ಜೊತೆಗೆ ಕಲೆಯಲ್ಲಿ ಪಾಲ್ಗೊಳ್ಳುವ ಹಕ್ಕೂ ಇದೆ. ಹೆಚ್ಚಿನವರು ಆಟದವರೆಗೆ ಓದಿ ನಿಲ್ಲಿಸುತ್ತಾರೆ.

ನಮ್ಮದೊಂದು ಪುಟ್ಟ ನಾಟಕದಲ್ಲಿ ಸಮುದ್ರಕ್ಕೆ ಒಂದು ಉದ್ದನೆಯ ನೀಲಿ ಬಟ್ಟೆ. ಇಬ್ಬರು ಎರಡು ತುದಿ ಹಿಡಿದು ಅಲುಗಿಸಿದರೆ ಅಲೆ. ಅದರ ಮೇಲೆ ಕಾಗದದ ದೋಣಿ. ಶೋ ಮುಗಿದು ನಾವು ಬಟ್ಟೆ ಮಡಚುತ್ತಿದ್ದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಪುಟ್ಟ ಬಂದು ಅಂಚಿನಲ್ಲಿ ನಿಂತ. ಚಪ್ಪಲಿ ಬಟ್ಟೆಗೆ ತಾಗದ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡು, "ಅಕ್ಕಾ, ನಿಧಾನ ಮಡಚು. ಒಳಗೆ ಮೀನಿದೆ" ಅಂದ. ಅವನ ಅಪ್ಪ ನಕ್ಕು, "ಅದು ಬಟ್ಟೆ ಕಣೋ" ಅಂದರು. ಹುಡುಗ ಅಪ್ಪನ ಮುಖ ನೋಡಿದ ರೀತಿ ನೋಡಬೇಕಿತ್ತು. "ಗೊತ್ತು" ಅಂದ.

ಎರಡೂ ಅವನಿಗೆ ಗೊತ್ತು. ಬಟ್ಟೆ ಅಂತಲೂ, ಮೀನಿದೆ ಅಂತಲೂ. ಆಟದಲ್ಲಿ ರೋಗಿಯಾದ ಮಗು ರೋಗಿಯಾಗಿ ಅಳುತ್ತದೆ, ಆಡುವವನಾಗಿ ಖುಷಿಪಡುತ್ತದೆ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1930ರ ದಶಕದಲ್ಲೇ ವಿವರಿಸಿದ್ದರು. ದೊಡ್ಡ ನಟರು ವರ್ಷಗಟ್ಟಲೆ ಬೆವರು ಸುರಿಸಿ ಹುಡುಕುವುದೂ ಇದನ್ನೇ. ಮಕ್ಕಳ ಹತ್ತಿರ ಅದು ಮೊದಲೇ ಇದೆ. ಅದನ್ನು ಒದ್ದು ಓಡಿಸದಿರುವುದಷ್ಟೇ ನಮ್ಮ ಕೆಲಸ.

ಆದರೆ ಒದ್ದು ಓಡಿಸುವ ಕಲೆ ನಮಗೆ ಚೆನ್ನಾಗಿ ಬರುತ್ತದೆ. "ಮಕ್ಕಳೇ, ಹೇಳಿ! ಕೇಳಿಸ್ತಿಲ್ಲ! ಇನ್ನೂ ಜೋರಾಗಿ!" ಅಂತ ಕಿರುಚಿಸುವ ನಾಟಕ ನೋಡಿದ್ದೀರಲ್ವಾ? ನನಗೆ ಮೈ ಉರಿಯುತ್ತದೆ. ಪ್ರಶ್ನೆ ಕೇಳಿದ ಮೇಲೆ ಉತ್ತರ ಕೇಳಿಸಿಕೊಳ್ಳಬೇಕು. ಒಮ್ಮೆ ನಮ್ಮ ನಟ ಪೊಲೀಸ್ ವೇಷದಲ್ಲಿ ಬಂದು "ಕಳ್ಳ ಯಾವ ಕಡೆ ಹೋದ?" ಅಂದ. ಎಲ್ಲರೂ ಬಲಗಡೆ ಕೈ ತೋರಿಸಿದರು, ಕಳ್ಳ ಹೋಗಿದ್ದೂ ಅಲ್ಲಿಗೇ. ಒಬ್ಬಳು ಮಾತ್ರ ಎದ್ದು ನಿಂತು ಎಡಗಡೆ ತೋರಿಸಿದಳು. ಕಳ್ಳ ಅವಳಿಗೆ ಪಾಪ ಅನ್ನಿಸಿದ್ದ. ನಮ್ಮ ನಟ ಎರಡು ಸೆಕೆಂಡ್ ನಿಂತು, ಅವಳನ್ನೇ ನಂಬಿ ಎಡಗಡೆಗೆ ಓಡಿದ. ಹಾಲ್ ಇಬ್ಭಾಗವಾಯಿತು. ನಾನು ಮೇಲೆ ಲೈಟಿನ ಬೋರ್ಡ್ ಮುಂದೆ ಕೂತು ಮುಂದಿನ ಕ್ಯೂ, ಅಂದರೆ ಲೈಟ್ ಬದಲಿಸುವ ಗಳಿಗೆ, ಎಲ್ಲಿದೆ ಅಂತ ಬೆವರುತ್ತಿದ್ದೆ. ನಾಟಕ ಮೂರು ನಿಮಿಷ ಜಾಸ್ತಿ ಆಯಿತು. ಆ ನಟನಿಗೆ ಬದಲಾಗಿ ಬಂದವನು ಮುಂದಿನ ವಾರ ಅಂಥದ್ದೇ ಉತ್ತರ ಬಂದಾಗ ಕೇಳಿಸದವನ ಹಾಗೆ ಸ್ಕ್ರಿಪ್ಟ್ ಪ್ರಕಾರ ಬಲಕ್ಕೇ ಹೋದ. ಆ ದಿನ ಅಲ್ಲಿಂದ ಮುಂದೆ ಒಂದು ಮಗುವೂ ಬಾಯಿ ಬಿಡಲಿಲ್ಲ.

ನಾಟಕ ಮುಗಿಸಿ ಹೊರಗೆ ಬರುತ್ತಿದ್ದ ಹಾಗೇ "ಏನು ನೀತಿ ಕಲಿತೆ ಹೇಳು?" ಅನ್ನುವವರಿಗೂ ಒಂದು ಮಾತು. ಬೇಡ. ದಾರಿಯುದ್ದಕ್ಕೂ ಸುಮ್ಮನಿರಿ. ಎರಡು ದಿನ ಬಿಟ್ಟು, ಸ್ನಾನ ಮಾಡಿಸುವಾಗ, ಮಗು ಅದಾಗಿ ಅದೇ ಏನೋ ಕೇಳುತ್ತದೆ. ಒಳಗೆ ಕೂತಾಗಲೂ ಕಿವಿಯಲ್ಲಿ ಕಥೆ ವಿವರಿಸಬೇಡಿ. ನಿಮಗಿಂತ ಮೊದಲು ಅದಕ್ಕೆ ಅರ್ಥವಾಗಿರುತ್ತದೆ.

ಈಗ ನನ್ನ ತಪ್ಪು. ಒಂದು ಶಾಲೆಯವರು ಕರೆದಿದ್ದರು. ನಲವತ್ತು ಮಕ್ಕಳು, ಹದಿನೈದು ನಿಮಿಷ, ಪ್ರತಿಯೊಬ್ಬರಿಗೂ ಒಂದು ಡೈಲಾಗ್ ಇರಲೇಬೇಕು, ಇಲ್ಲದಿದ್ದರೆ ಪೋಷಕರು ಗಲಾಟೆ ಮಾಡುತ್ತಾರೆ. ಲೆಕ್ಕ ಹಾಕಿ, ತಲೆಗೆ 22 ಸೆಕೆಂಡ್. ಮಾತು ಮೊದಲೇ ರೆಕಾರ್ಡ್ ಮಾಡಿ ಹಾಕೋಣ, ಮಕ್ಕಳು ಬಾಯಿ ಆಡಿಸಿದರೆ ಸಾಕು ಅಂದರು. ನಾನು ಒಪ್ಪಿಕೊಂಡೆ. ಆಗ ಕೆಲಸ ಬೇಕಿತ್ತು. ಅದರಲ್ಲಿ ಒಬ್ಬ ಹುಡುಗ ಮರ. ಆರು ವಾರ ಮರ. "ನಾನು ನೆರಳು ಕೊಡುತ್ತೇನೆ" ಅನ್ನುವುದೊಂದೇ ಅವನ ಮಾತು. ರಿಹರ್ಸಲ್ ಮಧ್ಯೆ ಒಂದು ದಿನ ಬಂದು ಕೇಳಿದ, "ಅಕ್ಕಾ, ಇಲ್ಲಿ ನಡೀತಿರೋದೆಲ್ಲ ಈ ಮರಕ್ಕೆ ಗೊತ್ತಾಗುತ್ತಾ?" ಎಂಥಾ ಪ್ರಶ್ನೆ! ಒಂದು ಇಡೀ ನಾಟಕ ಅದರಲ್ಲಿತ್ತು. ನನಗೆ ಟೈಮ್ ಇರಲಿಲ್ಲ. "ಅಲ್ಲಾಡದೆ ನಿಂತ್ಕೋ ಕಂದಾ" ಅಂದೆ. ಈಗಲೂ ಚುಚ್ಚುತ್ತದೆ. ಶೋ ಅದ್ಭುತವಾಗಿ ಬಂತು, ಎಲ್ಲರೂ ವಿಡಿಯೋ ಮಾಡಿಕೊಂಡರು.

ಅದಾದ ಮೇಲೆ ನಾನು ಕಲಿಸುವುದನ್ನು ಮೊದಲಿಂದ ಕಲಿತೆ. ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಷಿಕಾಗೋದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳ ಜೊತೆ ಆಡುತ್ತಾ ಆಡುತ್ತಾ ಕಟ್ಟಿದ ರಂಗದ ಆಟಗಳು ಇವತ್ತು ದೊಡ್ಡ ನಟರ ತರಬೇತಿಯಲ್ಲೂ ಇವೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1965ರಲ್ಲಿ ಬೆಲ್‌ಗ್ರೇಡ್ ಥಿಯೇಟರಿನವರು ನಟರೂ ಶಿಕ್ಷಕರೂ ಆಗಿರುವವರ ತಂಡ ಕಟ್ಟಿ ಶಾಲೆಗಳಿಗೇ ಹೋದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ಅವರ ದಾರಿ. ಟೀಚರ್ ತಾನೇ ಒಂದು ಪಾತ್ರವಾಗಿ ಮಕ್ಕಳ ನಡುವೆ ಬರುವುದು, ಅದೂ ಏನೂ ಗೊತ್ತಿಲ್ಲದ, ಸಹಾಯ ಬೇಕಾದ ಪಾತ್ರವಾಗಿ. ಆಗ ಗೊತ್ತಿರುವವರು ಯಾರು? ಮಕ್ಕಳೇ.

ನನ್ನ ಕ್ಲಾಸಿನಲ್ಲೂ ಹಾಗೇ ಮಾಡಿದೆ. ನಾನು ಟೋಪಿ ಹಾಕಿಕೊಂಡರೆ ದೀಪಸ್ತಂಭದ ಕಾವಲುಗಾರ. ತೆಗೆದರೆ ಅಕ್ಕ. ಅಷ್ಟೇ ನಿಯಮ. ಕಾವಲುಗಾರನಿಗೆ ದೀಪ ಹಚ್ಚುವ ಧೈರ್ಯ ಹೋಗಿಬಿಟ್ಟಿದೆ, ಯಾಕೆ ಅಂತ ಹೇಳುತ್ತಿಲ್ಲ. ರಾತ್ರಿ ಒಂದು ಹಡಗು ಬರಲಿಕ್ಕಿದೆ. ಮಕ್ಕಳು ಸುತ್ತ ಕೂತು ವಿಚಾರಣೆ ಮಾಡಿದರು, ಬೈದರು, ನಕ್ಷೆ ಬರೆದರು, ಒಂದು ಸಮಿತಿ ಮಾಡಿ ಜಗಳ ಆಡಿ ಮುರಿದೂ ಹಾಕಿದರು.

ಇದರಲ್ಲಿ ಆ ಮೂರನೆಯ ಪ್ರಶ್ನೆಯ ಹುಡುಗಿಯೂ ಇದ್ದಳು. ಏಳು ವರ್ಷ. ಮೂರು ತಿಂಗಳಲ್ಲಿ ಒಂದು ಮಾತು ಆಡಲಿಲ್ಲ. ಒಂದೂ ಇಲ್ಲ. ಮೊದಲ ತಿಂಗಳು ಗೋಡೆಗೆ ಒರಗಿ ಕೂತಿದ್ದಳು. ಎರಡನೆಯ ತಿಂಗಳು ಟಾರ್ಚ್ ಕೈಗೆ ತೆಗೆದುಕೊಂಡಳು. ಅವಳೇ ದೀಪ. ಯಾರೂ ಹೇಳಿರಲಿಲ್ಲ.

ಕೊನೆಗೆ ಶೋ ಇಡಲಿಲ್ಲ. ಅಪ್ಪ ಅಮ್ಮಂದಿರನ್ನು ಒಂದು ಸಾಮಾನ್ಯ ಕ್ಲಾಸಿಗೆ ಕರೆದು ಗೋಡೆ ಬದಿಗೆ ಕೂರಿಸಿದೆ, ಫೋನ್ ಚೀಲದಲ್ಲಿ. ಕೆಲವರಿಗೆ ಸಿಟ್ಟು ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು. ಅವಳ ಅಮ್ಮ ಬಂದು ಮೆಲ್ಲಗೆ, "ಏನಾದ್ರೂ ಮಾತಾಡ್ತಾಳಾ ಮೇಡಂ?" ಅಂದರು. ಇಲ್ಲ ಅಂದೆ.

ಹಡಗು ಹತ್ತಿರ ಬರುವಾಗ ದೀಪ ಒಮ್ಮೆ ಆರಬೇಕು, ಮತ್ತೆ ಹತ್ತಬೇಕು. ಮೂರು ಎಣಿಸಿ ಹಚ್ಚು ಅಂತ ಅವಳಿಗೆ ಹೇಳಿದ್ದೆ. ಟಾರ್ಚ್ ಆರಿತು. ಕೋಣೆಯಲ್ಲಿ ಇಪ್ಪತ್ತು ಮಕ್ಕಳು, ಅಷ್ಟೇ ದೊಡ್ಡವರು, ಉಸಿರಿನ ಸದ್ದಿಲ್ಲ. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಬರಲಿಲ್ಲ. ಸೆಲ್ ಹೋಯಿತೇನೋ ಅಂದುಕೊಂಡೆ. ನಾಲ್ಕು. ಐದು. ಆಗ ಹಚ್ಚಿದಳು.

ಆಮೇಲೆ ಕೇಳಿದೆ, "ಯಾಕಮ್ಮ ಲೇಟ್ ಮಾಡಿದೆ?" ಭುಜ ಕುಣಿಸಿದಳು. ನಾನು ಇಷ್ಟು ವರ್ಷ ಲೈಟಿನ ಬೋರ್ಡ್ ಮುಂದೆ ಕೂತವಳು. ಮನೆಗೆ ಹೋಗಿ ಆ ಕ್ಯೂವನ್ನು ಮತ್ತೆ ಮತ್ತೆ ಎಣಿಸಿ ನೋಡಿದೆ. ಮೂರು ಕಮ್ಮಿಯೇ ಆಗುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಹೊಡೆದು ಐದು ಅಂತ ಬರೆದುಕೊಂಡೆ.