ಹುಳ ತಿಂದದ್ದೆಲ್ಲ ತಿನ್ನೋ ಅಣಬಿ ಅಲ್ಲ

ಚಿಂಚೋಳಿ ಕಾಡಿನ ಅಣಬಿ ಬಗ್ಗೆ ಬರೆದ ನಿಮ್ಮ ಲೇಖನದಾಗ 'ಹುಳ ತಿಂದಿದ್ರ ವಿಷ ಇಲ್ಲ' ಅಂತ ಅದ. ಆ ಸಾಲು ತೆಗೀರಿ ಸರ್. ಮನುಷ್ಯರನ್ನ ಕೊಲ್ಲೋ ಅಣಬಿನೂ ಹುಳ ಆರಾಮ ತಿಂತಾವ. ಬೆಳ್ಳಿ, ಅರಿಶಿಣ ಬಣ್ಣ ಬದಲಾದ್ರ ವಿಷ ಅನ್ನೋ ಪರೀಕ್ಷೆನೂ ಅಷ್ಟೇ ಸುಳ್ಳು.

ಹಸ್ತ, ಚಿತ್ತಿ ಮಳಿಯೊಳಗ ತಿನ್ನೋ ಹುತ್ತದ ಅಣಬಿ ಅಂತ ತಿಳಿದು ತರೋದು ಎಷ್ಟೋ ಸಲ ಹಸಿರು ಬೀಜಾಣುವಿನ (ಟೋಪಿ ಕೆಳಗಿಂದ ಉದುರೋ ಪುಡಿ) ವಿಷದ ಕೊಡೆ ಅಣಬಿ ಆಗಿರ್ತದ. ಎಳೇದಿದ್ದಾಗ ಟೋಪಿ ಕೆಳಗಿನ ಪದರ ಬಿಳೀನೇ, ಗುರುತು ಸಿಗಲ್ಲ. ಅದಕ್ಕ ಮ್ಯಾಲಿಂದ ಮುರೀಬ್ಯಾಡ್ರಿ, ಬುಡ ಅಗೀರಿ. ಹುತ್ತದ ಅಣಬಿ ಬೇರು ಗೆದ್ದಲ ಗೂಡಿನ ತನಕ ಇಳಿದಿರ್ತದ. ಹಸಿರಿನದಕ್ಕ ಆ ಬೇರಿಲ್ಲ, ಕಾಂಡದ ಮ್ಯಾಲೆ ಬೆರಳಿಂದ ಸರಿಸಬಹುದಾದ ಉಂಗುರ ಇರ್ತದ. ಬುಡದಾಗ ಚೀಲದಂಥ ಪೊರೆ ಕಂಡ್ರ ಅಲ್ಲೇ ಬಿಡ್ರಿ, ಅಮಾನಿಟಾ ಅನ್ನೋ ಅಣಬಿ ಕುಲದ್ದು ಇರಬಹುದು. ಅದರೊಳಗ ಕೆಲವು ಜಾತಿಯ ವಿಷ ಕುದಿಸಿದ್ರೂ ಹೋಗಲ್ಲ, ವಾಂತಿ ಶುರುವಾಗೋದೇ 6ರಿಂದ 12 ತಾಸಿನ ಮ್ಯಾಲೆ.

ಇನ್ನೂ ಸಂಶಯ ಇದ್ರ ಟೋಪಿ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮ್ಯಾಲೆ ಬೋರಲಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಇಡ್ರಿ. ಮಾಸಲು ಹಸಿರು ಪುಡಿ ಬಿದ್ರ ಬಿಸಾಕ್ರಿ, ಬಿಳಿ ಬಿದ್ರೂ ಬ್ಯಾಡ. ಹುತ್ತದ್ದು ನಸುಗುಲಾಬಿ. ಆದ್ರ ಗುಲಾಬಿ ಪುಡಿ ಬಿಡೋ ವಿಷದ ಅಣಬಿನೂ ಅದಾವ, ಬೇರು ಸಿಗದಿದ್ರ ಅಡಗಿಗಿ ಹಾಕಬ್ಯಾಡ್ರಿ.