ಹನ್ನೆರಡನೇ ಲೆವೆಲ್ಲಿನ ಹೊಗಳುಭಟ್ಟ

ನನ್ನ ಅಕ್ಕನ ಮಗ ಮುಂಬಯಿ ಪಕ್ಕದ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಡೊಂಬಿವಲಿಯ ನಮ್ಮ ಮನೆಯಲ್ಲೇ ಇದ್ದಾನೆ. ವಾರವಿಡೀ ಕಂಪ್ಯೂಟರ್ ನೋಡಿ ಸುಸ್ತಾಗಿ, ಶನಿವಾರ ಆ ಸುಸ್ತು ಕಳೆಯಲು ಇನ್ನೊಂದು ಕಂಪ್ಯೂಟರ್ ನೋಡುತ್ತಾನೆ. ಈಚೆಗೆ ಬಾಲ್ಡರ್ಸ್ ಗೇಟ್ 3 ಅಂತ ಒಂದು ಆಟ ಹಿಡಿದಿದ್ದಾನೆ. 2023ರಲ್ಲಿ ಬೆಲ್ಜಿಯಂನ ಲೇರಿಯನ್ ಕಂಪನಿಯವರು ತಂದದ್ದು. ರಾಕ್ಷಸರು, ಮಂತ್ರವಾದಿಗಳು, ಕತ್ತಿ ಹಿಡಿದವರು ಎಲ್ಲ ಇದ್ದಾರೆ. ನಾನು ಚಾ ಲೋಟ ಹಿಡಿದು ಅವನ ಹಿಂದೆ ನಿಂತು ನೋಡಿದೆ. ಯುದ್ಧ ಜೋರಾಗಿ ನಡೆಯುತ್ತಿದೆ. ಇವನ ಪಾತ್ರ ಮಾತ್ರ ತಂಬೂರಿಯಂಥದ್ದೇನೋ ಬಾರಿಸುತ್ತಾ ನಿಂತಿದೆ.

“ಇದೆಂಥದು ಮಾರಾಯ? ಎಲ್ಲರೂ ಹೊಡೆದಾಡ್ತಿದ್ದಾರೆ, ನೀನು ಸುಮ್ನೆ ಭಜನೆ ಮಾಡ್ತಿದ್ದೀಯಲ್ಲ?”

“ಇವನು ಬಾರ್ಡ್, ಮಾವ. ಹಾಡಿ ಹೊಗಳಿ ನಮ್ಮವರಿಗೆ ಬಲ ಕೊಡುವುದು, ಬೈದು ಶತ್ರುಗಳಿಗೆ ಗಾಯ ಮಾಡುವುದು ಇವನ ಕೆಲಸ.”

“ಬೈದರೆ ಗಾಯ ಆಗ್ತದಾ?”

“ವಿಶಸ್ ಮಾಕರಿ ಅಂತ ಮಂತ್ರ ಇದೆ. ಶುರುವಿನಲ್ಲಿ ಒಂದರಿಂದ ನಾಲ್ಕು ಪಾಯಿಂಟ್ ಗಾಯ. ಶತ್ರುವಿನ ಮುಂದಿನ ಏಟೂ ತಪ್ಪುವ ಸಂಭವ ಜಾಸ್ತಿ.”

ಹಾಗಾದರೆ ಸಂಜೆಯ ಕಲ್ಯಾಣ್ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರೆಲ್ಲ ಬಾರ್ಡ್‌ಗಳೇ ಅಂದುಕೊಂಡೆ. ದಾದರ್‌ನಲ್ಲಿ ಅವರ ಬಾಯಿಗೆ ಹೆದರಿ ಎಷ್ಟೋ ಗಾಡಿ ಬಿಟ್ಟವನು ನಾನು. ಅಷ್ಟರಲ್ಲಿ ಅಳಿಯ ಇಯರ್‌ಫೋನ್ ತೆಗೆದು, “ನೀವೂ ಬಾರ್ಡೇ ಅಲ್ವಾ ಮಾವ?” ಅಂದ.

ಹೌದಲ್ಲ! ಇಪ್ಪತ್ತೆರಡು ವರ್ಷಗಳಿಂದ ನಾನು ಉಪನಗರದ ಒಂದು ಕನ್ನಡ ಸಂಘದ ಕಾಯಂ ಕಾರ್ಯಕ್ರಮ ನಿರೂಪಕ. ಸಂಘದ ಹೆಸರು ಬೇಡ, ಊಟದ ಕೂಪನ್ ಅವರೇ ಕೊಡಬೇಕು. ನನ್ನ ಕೆಲಸ ವೇದಿಕೆಯಲ್ಲಿ ಕೂತವರನ್ನು ಹೊಗಳುವುದು. ಕೂತವರು ಹದಿನೇಳು ಜನ ಇರುತ್ತಾರೆ. ಎದುರಿಗೆ ಕೂತವರು ಮೂವತ್ತು ಜನ. ಅದರಲ್ಲಿ ಅರ್ಧ ವೇದಿಕೆಯವರ ಮನೆಯವರು. ಇನ್ನರ್ಧ ನೃತ್ಯ ಮಾಡಬೇಕಾದ ಮಕ್ಕಳ ಅಪ್ಪ ಅಮ್ಮಂದಿರು. ಮಗುವಿನ ನೃತ್ಯ ಮುಗಿದ ಕೂಡಲೇ ಇವರು ಮಾಯ.

ಆಟದಲ್ಲಿ ವೋಲೋ ಅಂತ ಒಬ್ಬ ಹಾಡುಗಾರ, ಬರಹಗಾರ ಬರುತ್ತಾನೆ. ಕಥಾನಾಯಕನ ತಲೆಯೊಳಗೆ ಒಂದು ಹುಳ ಹೊಕ್ಕಿರುತ್ತದೆ. ನಾನು ತೆಗೆಯುತ್ತೇನೆ ಅಂತ ಇವನು ಮುಂದೆ ಬರುತ್ತಾನೆ. ಒಪ್ಪಿದಿರೋ, ಹುಳ ಅಲ್ಲೇ ಉಳಿಯುತ್ತದೆ, ಕಣ್ಣು ಹೊರಗೆ ಬರುತ್ತದೆ. ತಪ್ಪಾಯಿತು ಅಂತ ಒಂದು ಕೃತಕ ಕಣ್ಣು ಕೊಡುತ್ತಾನೆ. ಆ ಕಣ್ಣಿಗೆ ಅದೃಶ್ಯವಾಗಿರುವವರೂ ಕಾಣುತ್ತಾರಂತೆ. ನಮ್ಮ ನಿರೂಪಕರಿಗೆ ಆ ಕಣ್ಣು ಹುಟ್ಟಿನಿಂದಲೇ ಇದೆ. ಇಲ್ಲದಿದ್ದರೆ ಖಾಲಿ ಕುರ್ಚಿಗಳಿಗೆ “ಕಿಕ್ಕಿರಿದು ನೆರೆದಿರುವ ಕಲಾಭಿಮಾನಿಗಳೇ” ಅಂತ ಹೇಳಲು ಆಗುತ್ತಿತ್ತಾ?

ಆ ರಾತ್ರಿ ಅಳಿಯನಿಂದ ಪೂರ್ತಿ ಪಾಠ ಹೇಳಿಸಿಕೊಂಡೆ. ಈ ಆಟದ ನಿಯಮಗಳ ಬೇರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟದಲ್ಲಿದೆ. ಅದರ 1978ರ ನಿಯಮದ ಪುಸ್ತಕದಲ್ಲಿ ಬಾರ್ಡ್ ಆಗುವುದು ಭಾರಿ ಕಷ್ಟ. ಮೊದಲು ಯೋಧನಾಗಬೇಕು. ಆಮೇಲೆ ಕಳ್ಳನಾಗಬೇಕು. ಆಮೇಲೆ ಡ್ರುಯಿಡ್ ಎಂಬ ಕಾಡಿನ ಪೂಜಾರಿಯ ವಿದ್ಯೆಗೆ ಬರಬೇಕು. ಆಗ ಬಾರ್ಡ್. ನಮ್ಮ ಸಂಘದಲ್ಲೂ ಇದೇ ಮೆಟ್ಟಿಲು. ಮೊದಲು ಕುರ್ಚಿ ಹೊರಬೇಕು, ಆಮೇಲೆ ಖಜಾಂಚಿ ಆಗಬೇಕು, ಆಮೇಲೆ ಪೂಜಾ ಸಮಿತಿ, ಕೊನೆಗೆ ಮೈಕು. ಎರಡನೇ ಮೆಟ್ಟಿಲಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಖಜಾಂಚಿಗಳು ನಮ್ಮ ಬಿಲ್ಡಿಂಗಿನವರೇ.

ಈಗ ನಿಯಮ ಸಡಿಲವಾಗಿದೆ, ಮೊದಲ ದಿನವೇ ಬಾರ್ಡ್ ಆಗಬಹುದು. ಅಳಿಯನ ಆಟದಲ್ಲಿ ಏರಲು ಒಟ್ಟು ಹನ್ನೆರಡು ಲೆವೆಲ್. ಮೂರನೇ ಲೆವೆಲ್ಲಿನಲ್ಲಿ ಒಂದು ಕಾಲೇಜು ಆರಿಸಿಕೊಳ್ಳಬೇಕು. ವಿದ್ಯೆಯ ಕಾಲೇಜು, ಕತ್ತಿಯ ಕಾಲೇಜು, ಹೀಗೆ. ಕತ್ತಿಯ ಕಾಲೇಜಿನ ಬಾರ್ಡ್ ಹಾಡುತ್ತಲೇ ಯುದ್ಧಕ್ಕೂ ಇಳಿಯುತ್ತಾನೆ. ಇದು ನಮಗೆ ಹೊಸತಲ್ಲ. 941ರ ಹೊತ್ತಿಗೆ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಕಾವ್ಯ ಬರೆದ. ಹೊಗಳಿದ್ದೇನೋ ಹೌದು. ಆದರೆ ಆತ ಕವಿಯೂ ಹೌದು, ಕಲಿಯೂ ಹೌದು. ದೊರೆಯೂ ಧರ್ಮಪುರ ಎಂಬ ಅಗ್ರಹಾರವನ್ನೇ ಕೊಟ್ಟ. ನಮಗೆ ಸಿಗುವುದು ಸೆಲ್ಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ. ಮೇಲೆ ಸೇಬು, ಕೆಳಗೆಲ್ಲ ಹರಿದ ಕಾಗದ. ಹತ್ತನೇ ಲೆವೆಲ್ಲಿಗೆ ಬಂದ ಬಾರ್ಡ್ ಬೇರೆಯವರ ಮಂತ್ರಗಳನ್ನೂ ಕಲಿತು ತನ್ನದು ಮಾಡಿಕೊಳ್ಳಬಹುದಂತೆ. ವಾಟ್ಸಾಪ್ ಬಂದ ಮೇಲೆ ನಾನು ಅದನ್ನು ಮೊದಲ ವಾರದಲ್ಲೇ ಮಾಡಿದ್ದೇನೆ.

ಆದರೆ ನನ್ನನ್ನು ನಿಜವಾಗಿ ಚುಚ್ಚಿದ್ದು ಬೇರೆ ವಿಷಯ. ಬಾರ್ಡ್‌ನ ಮುಖ್ಯ ಶಕ್ತಿಗೆ ಬಾರ್ಡಿಕ್ ಇನ್‌ಸ್ಪಿರೇಷನ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಬೆನ್ನು ತಟ್ಟುವುದು. ಈ ಆಟದಲ್ಲಿ ಏಟು ಬಿತ್ತೋ ತಪ್ಪಿತೋ ಅನ್ನುವುದನ್ನೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಅದರ ಜೊತೆಗೆ ಬಾರ್ಡ್ ಒಬ್ಬ ಜೊತೆಗಾರನಿಗೆ ಇನ್ನೊಂದು ದಾಳ ಕೊಡುತ್ತಾನೆ. ಮೊದಲು ಆರು ಮುಖದ ದಾಳ, ಐದನೇ ಲೆವೆಲ್ಲಿನಲ್ಲಿ ಎಂಟು ಮುಖದ್ದು, ಹತ್ತರಲ್ಲಿ ಹತ್ತು ಮುಖದ್ದು. ಆ ಜೊತೆಗಾರ ಆಮೇಲೆ ಕತ್ತಿ ಬೀಸುವಾಗಲೋ ಬಂಡೆ ಹತ್ತುವಾಗಲೋ ಆ ದಾಳ ಉರುಳಿಸಿ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾನೆ. ಒಬ್ಬನ ಕೈಯಲ್ಲಿ ಒಂದು ಸಲಕ್ಕೆ ಒಂದೇ ದಾಳ. ಬಾರ್ಡ್ ಹತ್ತಿರ ಇರುವುದೂ ಬೆರಳೆಣಿಕೆಯಷ್ಟು. ಆದ್ದರಿಂದ ಒಳ್ಳೆಯ ಆಟಗಾರ ನೋಡಿ ನೋಡಿ ಕೊಡುತ್ತಾನೆ. ಯಾರಿಗೆ ಕಷ್ಟದ ಕೆಲಸ ಬರಲಿದೆಯೋ ಅವರಿಗೆ, ಅದೂ ಕೆಲಸಕ್ಕೆ ಮೊದಲು.

“ಕೆಲಸ ಆದ ಮೇಲೆ ಕೊಟ್ಟರೆ?” ಅಂತ ಕೇಳಿದೆ.

“ಆ ಕೆಲಸಕ್ಕೆ ಏನು ಉಪಯೋಗ ಮಾವ? ವೇಸ್ಟ್.”

“ಮತ್ತೆ ಬಾರ್ಡ್ ತನಗೆ ತಾನೇ ಕೊಟ್ಟುಕೊಂಡರೆ?”

“ಆಗೋದಿಲ್ಲ. ಬೇರೆಯವರಿಗೆ ಮಾತ್ರ.”

ನಾನು ಚಾ ಲೋಟ ಕೆಳಗಿಟ್ಟೆ. ನಮ್ಮ ಸಂಘದಲ್ಲಿ ಸನ್ಮಾನ ಆಗುವವರ ಪರಿಚಯವನ್ನು ಅವರೇ ಬರೆದುಕೊಡುತ್ತಾರೆ. ನಾನು ಓದುತ್ತೇನೆ. ಕೆಲಸ ಆದ ಮೇಲೆ ಸನ್ಮಾನ ಅನ್ನುವುದೂ ಹಳೇ ಮಾತಾಯಿತು. ಈಗ ಕೆಲಸ ಆಗದಿದ್ದರೂ ಸನ್ಮಾನ. ಸನ್ಮಾನ ಸಮಿತಿಯಲ್ಲಿ ಒಂಬತ್ತು ಜನ. ಕಳೆದ ವರ್ಷ ಆ ಸಮಿತಿ “ಒಳ್ಳೆಯ ಕೆಲಸ ಮಾಡಿದೆ” ಅಂತ ಸಮಿತಿಗೇ ಸನ್ಮಾನ ಮಾಡಿದೆವು. ಒಬ್ಬರ ಹೆಗಲ ಮೇಲೆ ಒಂದೇ ಸಂಜೆ ಮೂರು ಶಾಲು ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇ ತಿಂಗಳು, ಫ್ಯಾನ್ ಕೆಟ್ಟಿತ್ತು. ಆ ಮನುಷ್ಯ ಮೈಸೂರು ಪೇಟದ ಕೆಳಗೆ ಬೆವರುತ್ತಾ ನಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದವರು. ಹಗಲು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಲೆಕ್ಕದ ಮೇಷ್ಟ್ರು ಹತ್ತಿರ ಕರೆದು, “ನೀನು ಗಿರಾಕಿ ಬಿಲ್ಲು ಬಾಯಲ್ಲೇ ಕೂಡಿಸ್ತೀಯಲ್ಲ, ಇದೂ ಅದೇ” ಅಂದರಂತೆ. ಅಷ್ಟೇ. ಅಪ್ಪ ಪಾಸಾದರು. ಆ ಒಂದು ವಾಕ್ಯವನ್ನು ಸಾಯುವವರೆಗೂ ಹೇಳುತ್ತಿದ್ದರು. ಅದು ದಾಳ ನೋಡಿ! ಆ ಮೇಷ್ಟ್ರಿಗೆ ಯಾರೂ ಶಾಲು ಹೊದಿಸಿದ ಹಾಗಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಮುಂಬಯಿಯ ಕರ್ನಾಟಕ ಸಂಘ 1933ರದ್ದು. ಅಂಥ ಹಳಬರ ಕಾಲದಲ್ಲಿ ಹೊಗಳಲು ಜನ ಬೇಕಾದಷ್ಟು ಇದ್ದರು, ಹಾರ ಕಮ್ಮಿ. ಈಗ ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಹಾರ ಡಜನ್ ಲೆಕ್ಕದಲ್ಲಿ ತರುತ್ತೇವೆ. ಹಾರ ಉಳಿದರೆ ಕೊರಳು ಹುಡುಕುತ್ತೇವೆ.

ಹಾಗಂತ ನಮ್ಮಲ್ಲಿ ಒಳ್ಳೆಯ ಬಾರ್ಡ್ ಇಲ್ಲವೇ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಆಗ ಭಾಗವತರನ್ನು ನೋಡಿ. ಬಣ್ಣ ಇಲ್ಲ, ಕಿರೀಟ ಇಲ್ಲ, ಆದರೂ ಅವರಿಗೆ ಮೊದಲನೇ ವೇಷ ಅಂತ ಹೆಸರು. ಹಿಂದೆ ಕೂತು ಪದ ಎತ್ತಿದರೆ ಎದುರಿನ ವೇಷಧಾರಿಯ ಕಾಲಿಗೆ ತಾನಾಗಿ ಬಲ ಬರುತ್ತದೆ. “ಬಲ್ಲಿರೇನಯ್ಯಾ” ಅಂತ ವೇಷ ಕೇಳಿದಾಗ ಭಾಗವತರು ಎಷ್ಟು ಬೇಕೋ ಅಷ್ಟೇ ಹೇಳುತ್ತಾರೆ. ಹೊಸ ಹುಡುಗ ಮಾತು ತಪ್ಪಿ ನಿಂತರೆ ಒಂದು ಸಣ್ಣ ಪ್ರಶ್ನೆ ಎಸೆದು ದಾರಿಗೆ ತರುತ್ತಾರೆ. ಹಳೆಯ ಹುಲಿ ಅರ್ಥ ಎಳೆಯುತ್ತಾ ಹೋದರೆ ತಾಳ ತಟ್ಟಿ ಮುಂದಿನ ಪದಕ್ಕೆ ಹೋಗುತ್ತಾರೆ. ಬಲ ಕೊಡುವುದೂ ಅವರೇ, ಕತ್ತರಿ ಹಾಕುವುದೂ ಅವರೇ. ಅಳಿಯನ ಬಾರ್ಡ್‌ಗೂ ಇದೇ ಕತ್ತರಿ ಇದೆ. ವಿದ್ಯೆಯ ಕಾಲೇಜಿನವರಿಗೆ ಕಟಿಂಗ್ ವರ್ಡ್ಸ್ ಅಂತ ಕೊಡುತ್ತಾರೆ. ಎದುರಾಳಿ ದಾಳ ಉರುಳಿಸುವ ಹೊತ್ತಿಗೆ ಮಧ್ಯೆ ಬಾಯಿ ಹಾಕಿ ಅವನ ಲೆಕ್ಕ ಇಳಿಸುವುದು. ನಮ್ಮ ಸಂಘದ ನಿರೂಪಕನಿಗೆ ಕತ್ತರಿ ಇಲ್ಲ. ಬರೀ ಹೊಗಳಿಕೆ. ಒಂದೇ ಮಂತ್ರ ಗೊತ್ತಿರುವ ಬಾರ್ಡ್ ನಾನು.

ಅದೂ ಕೈಕೊಟ್ಟ ಕಥೆ ಹೇಳುತ್ತೇನೆ. ಕಳೆದ ವರ್ಷದ ರಾಜ್ಯೋತ್ಸವ. ಆಮಂತ್ರಣದಲ್ಲಿ “5 ಗಂಟೆಗೆ ಸರಿಯಾಗಿ” ಅಂತ ಇತ್ತು. ಶುರುವಾದದ್ದು 6.40ಕ್ಕೆ. ನಾನು ಮೈಕ್ ಹಿಡಿದು ಅತಿಥಿಗಳನ್ನು ಕರೆಯುತ್ತಿದ್ದೇನೆ. ಹಿಂದಿನಿಂದ ಚೀಟಿ ಬರುತ್ತಲೇ ಇದೆ. “ಇವರ ಹೆಸರೂ ಸೇರಿಸಿ.” “ಇವರಿಗೆ ಡಾಕ್ಟ್ರು ಅನ್ನಿ.” “ಡಾಕ್ಟ್ರು ಅನ್ನಬೇಡಿ, ಇನ್ನೂ ಬಂದಿಲ್ಲ.” ಆಟದಲ್ಲಿ ಬಾರ್ಡ್ ಒಂದು ದೊಡ್ಡ ಮಂತ್ರ ಹಿಡಿದಿಟ್ಟುಕೊಂಡಿರುವಾಗ ಏಟು ಬಿದ್ದರೆ ಏಕಾಗ್ರತೆ ತಪ್ಪುವ ಅಪಾಯ ಇದೆ. ನನಗೆ ಒಂಬತ್ತು ಚೀಟಿಯ ಏಟು ಬಿದ್ದಿತ್ತು. ಹತ್ತನೆಯದು ಶಾಲಿನ ಬಿಲ್ಲಿನ ಹಿಂಬದಿಯಲ್ಲಿ ಬರೆದದ್ದು. ಹೋಟೆಲ್ ಶೆಟ್ರು ತಮ್ಮ ತೀರಿಹೋದ ಅಪ್ಪನ ಹೆಸರಿನಲ್ಲಿ ಊಟದ ಖರ್ಚು ಕೊಟ್ಟಿದ್ದರು. ಚೀಟಿಯಲ್ಲಿ “ದಿ.” ಅನ್ನುವುದು ಅಪ್ಪನ ಹೆಸರಿನ ಬದಲು ಮಗನ ಹೆಸರಿಗೆ ಅಂಟಿತ್ತು. ನಾನು ಪೂರ್ತಿ ಭಾವ ತುಂಬಿ, ಶೆಟ್ರ ಹೆಸರು ಹಿಡಿದು, “ನಮ್ಮನ್ನು ಅಗಲಿದ ಆ ಮಹಾನ್ ಚೇತನ” ಅಂದೆ. ಮಾತ್ರವಲ್ಲ, ಒಂದು ನಿಮಿಷ ಎದ್ದು ನಿಲ್ಲಿ ಅಂತಲೂ ಅಂದೆ.

ಎಲ್ಲರೂ ಎದ್ದರು. ಅಭ್ಯಾಸ ಬಲ ನೋಡಿ, ಶೆಟ್ರೂ ಎದ್ದರು. ಅರ್ಧ ನಿಮಿಷ ಆದ ಮೇಲೆ ಅವರಿಗೆ ಹೊಳೆಯಿತು. “ಯಾನ್ ಮುಲ್ಪನೇ ಉಲ್ಲೆ ಮಾರಾಯ!” ಅಂತ ತುಳುವಿನಲ್ಲಿ ಕೂಗಿದರು. ನಾನು ಇಲ್ಲೇ ಇದ್ದೇನಲ್ಲ, ಅಂತ. ನಮ್ಮಲ್ಲಿ ವೇದಿಕೆಯ ಮೇಲೆ ಕನ್ನಡ, ಕೆಳಗೆ ತುಳು, ಲಿಫ್ಟ್‌ನಲ್ಲಿ ಮರಾಠಿ, ಮಕ್ಕಳ ಹತ್ತಿರ ಹಿಂದಿ. ಸಿಟ್ಟು ಬಂದಾಗ ಮಾತ್ರ ನಿಜವಾದ ಮಾತೃಭಾಷೆ. ಅಳಿಯ ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. “ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿತ್ತು ಮಾವ. ಒಂದು ಬಿದ್ದರೆ ಬಾರ್ಡ್ ಎಷ್ಟು ದೊಡ್ಡ ಮಾತುಗಾರ ಆಗಿದ್ದರೂ ಸೋತ ಹಾಗೇ” ಅಂದ.

ಪಾಠ ಹೇಳಿಸಿಕೊಂಡ ಮೇಲೆ ಬಂದ ಮೊದಲ ಕಾರ್ಯಕ್ರಮದಲ್ಲಿ ನಾನು ಆಟದ ನಿಯಮದಂತೆ ನಡೆದು ನೋಡಿದೆ. ಮೈಕ್ ಸೆಟ್ಟಿನ ಹುಡುಗನಿಗೆ ಪ್ರತಿ ಸಲ ಬೈಯುತ್ತಿದ್ದೆವು. ಈ ಸಲ ಶುರುವಿಗೆ ಮೊದಲೇ ಅವನ ಹತ್ತಿರ ಹೋಗಿ, ಕಳೆದ ಬಾರಿ ಕರೆಂಟ್ ಹೋದಾಗ ಮಕ್ಕಳ ನೃತ್ಯ ನಿಲ್ಲದ ಹಾಗೆ ನೋಡಿಕೊಂಡದ್ದು ನೀನೇ ಅಂತ ಮರಾಠಿಯಲ್ಲಿ ಹೇಳಿದೆ. ಅವನಿಗೆ ಗಾಬರಿಯಾಯಿತು, ಬಾಡಿಗೆ ಕಮ್ಮಿ ಮಾಡಲು ಕೇಳುತ್ತಿದ್ದೇನೆ ಅಂದುಕೊಂಡ. ಆದರೂ ಆ ಸಂಜೆ ಮೈಕ್ ಒಂದು ಸಲವೂ ಕುಯ್ಯೋ ಅನ್ನಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ.

ಇನ್ನು ಕತ್ತರಿ. ಮುಖ್ಯ ಅತಿಥಿಗಳು ಕನ್ನಡ ಉಳಿಸುವ ಬಗ್ಗೆ ಮಾತಾಡುತ್ತಿದ್ದರು. ನಲವತ್ತು ನಿಮಿಷ ಆಗಿತ್ತು. ಎರಡನೇ ಸಾಲಿನಲ್ಲಿ ಅವರ ಮೊಮ್ಮಗ “ಮಮ್ಮಿ, ಘರ್ ಕಬ್ ಜಾಯೇಂಗೆ” ಅಂತ ಅಳುತ್ತಿದ್ದ. ಅವರು ನೀರು ಕುಡಿಯಲು ಲೋಟ ಎತ್ತಿದರು. ಅದೇ ಹೊತ್ತು. ನಾನು ಇನ್ನೊಂದು ಮೈಕ್ ಹಿಡಿದು, “ಇಂಥ ಮಾತು ಬೆಳಗಿನವರೆಗೂ ಕೇಳಬೇಕು ಅನಿಸುತ್ತದೆ. ಆದರೆ ಗೋಳಿಬಜೆ ಆರುತ್ತಾ ಇದೆ” ಅಂದೆ. ಸಭೆ ಒಂದು ನಿಮಿಷ ಚಪ್ಪಾಳೆ ತಟ್ಟಿತು. ಅತಿಥಿಗಳು ಅದನ್ನು ತಮಗೇ ಅಂದುಕೊಂಡು ಕೈ ಮುಗಿದು ಕೂತರು. ಯಾರಿಗೂ ಗಾಯ ಆಗಲಿಲ್ಲ. 9.10ರ ಡೊಂಬಿವಲಿ ಲೋಕಲ್ ಸಿಕ್ಕಿತು, ಅದೂ ಕೂರಲು ಜಾಗ ಸಮೇತ.

ಮೊನ್ನೆ ಕಾರ್ಯದರ್ಶಿಗಳು ಫೋನ್ ಮಾಡಿದರು. ಕಾರ್ಯಕ್ರಮ ಬೇಗ ಮುಗಿಸಿದ್ದಕ್ಕೆ ನನಗೆ ಸನ್ಮಾನ ಅಂತ ಸಮಿತಿ ತೀರ್ಮಾನಿಸಿದೆಯಂತೆ. ಶಾಲು, ಪೇಟ, ಬುಟ್ಟಿ ಎಲ್ಲ.

“ಪರಿಚಯ ನೀವೇ ಬರೆದುಕೊಡಿ ಮಾರಾಯ್ರೆ. ಒಂದು ಪುಟ ಸಾಕು.”

“ಓದುವವರು ಯಾರು?”

“ನಿರೂಪಣೆ ನಿಮ್ಮದೇ ಅಲ್ವಾ. ನೀವೇ ಓದಿಬಿಡಿ.”

ರಾತ್ರಿ ಊಟ ಮುಗಿಸಿ ಕಾಗದ ಪೆನ್ನು ಹಿಡಿದು ಕೂತೆ. ಅಳಿಯ ಹಿಂದೆ ಬಂದು ನಿಂತ. ಈ ಸಲ ಚಾ ಲೋಟ ಅವನ ಕೈಯಲ್ಲಿತ್ತು. “ಮಾವ, ತನಗೆ ತಾನೇ ಕೊಟ್ಟುಕೊಳ್ಳಲು ಆಗೋದಿಲ್ಲ ಅಂತ ಹೇಳಿದ್ದೆನಲ್ಲ” ಅಂದ.

“ಅದು ನಿನ್ನ ಆಟದಲ್ಲಿ. ಆಚೆ ಹೋಗು, ಬೆಳಕಿಗೆ ಅಡ್ಡ ನಿಲ್ಲಬೇಡ.”

ಪುಟ ತುಂಬಿದೆ. “ಅಜಾತಶತ್ರು” ಮೊದಲು ಬರಬೇಕಾ, “ಪ್ರಚಾರ ಬಯಸದ ಸರಳ ಜೀವಿ” ಮೊದಲು ಬರಬೇಕಾ ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.