ಡ್ರೂಯಿಡರ ಅಧಿಕಮಾಸ ಮತ್ತು ನಮ್ಮದು

ಪಶ್ಚಿಮ ಯುರೋಪಿನ ಹಳೆಯ ಕೆಲ್ಟ್ ಜನರ ಪುರೋಹಿತರಾದ ಡ್ರೂಯಿಡರು ನಮ್ಮ ಕಡೆಯಿಂದ ಹೋದ ವೈದಿಕರೇ ಎಂಬ ವಾದ ಯುರೋಪಿನ ಕನ್ನಡಿಗರ ನಡುವೆ ಆಗಾಗ ತಲೆಯೆತ್ತುತ್ತದೆ. ಕೆಲವರು ಇಪ್ಪತ್ತು ವರ್ಷಗಳ ಕಾಲ ಬಾಯಿಪಾಠ ಮಾಡುತ್ತಿದ್ದರು, ಶಾಸ್ತ್ರವನ್ನು ಬರೆದಿಡುತ್ತಿರಲಿಲ್ಲ ಎಂದು ರೋಮನ್ ಸೇನಾನಿ ಸೀಸರ್ ಹೇಳಿದ್ದು ಒಂದು ಸಾಕ್ಷಿ, ಅವರ ಕ್ಯಾಲೆಂಡರಿನಲ್ಲೂ ನಮ್ಮಂತೆ ಅಧಿಕಮಾಸ ಇದ್ದದ್ದು ಇನ್ನೊಂದು. ಈ ಎರಡನೆಯದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಆ ಕ್ಯಾಲೆಂಡರನ್ನು ಕೆತ್ತಿದ, 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನಲ್ಲಿ ಸಿಕ್ಕ ಕಂಚಿನ ಫಲಕದ ಚೂರುಗಳು ನಮ್ಮ ಲಿಯೋನಿನ ಮ್ಯೂಸಿಯಂನಲ್ಲಿವೆ. ಕ್ರಿ.ಶ. 2ನೇ ಶತಮಾನದ್ದು, ಅಗಲ ಸುಮಾರು ಒಂದೂವರೆ ಮೀಟರ್. ಅಕ್ಷರ ಲ್ಯಾಟಿನ್, ಭಾಷೆ ಗಾಲರದು, ಅಂದರೆ ಈ ಕಡೆಯ ಕೆಲ್ಟರದು. ರೋಮನ್ನರ ಆಳ್ವಿಕೆಯಲ್ಲಿ ಕಚೇರಿಗೆ ರೋಮನ್ನರ ಸೌರ ಜೂಲಿಯನ್ ಕ್ಯಾಲೆಂಡರ್, ಗುಡಿಗೆ ಇದು ಎಂದಿದ್ದಿರಬೇಕು. 16 ಕಾಲಂಗಳಲ್ಲಿ 5 ವರ್ಷ, 62 ತಿಂಗಳು, ಅಂದರೆ 60ರ ಮೇಲೆ ಎರಡು ಅಧಿಕಮಾಸ. ದಿನದ ಪಕ್ಕಕ್ಕೊಂದು ಸಣ್ಣ ತೂತು. ದಿನ ಕಳೆದಂತೆ ಕಡ್ಡಿಯನ್ನು ಮುಂದಿನ ತೂತಿಗೆ ಸಿಕ್ಕಿಸಬೇಕು. ತಿಂಗಳಲ್ಲಿ 15ರವರೆಗೆ ಎಣಿಸಿ ಮತ್ತೆ 1ರಿಂದ ಶುರು, ನಮ್ಮ ಪಕ್ಷಗಳ ಹಾಗೆಯೇ.

ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನಿಗೆ ವರ್ಷಕ್ಕೆ 11 ದಿನ ಸಾಲದು. ಎರಡೂವರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳೇ ಬಾಕಿ ಬೀಳುತ್ತದೆ, ಆಗ ಒಂದನ್ನು ಸೇರಿಸಲೇಬೇಕು. ನಮ್ಮ ಪ್ರಾಚೀನ ಕಾಲಗಣನೆಯ ಗ್ರಂಥವಾದ ವೇದಾಂಗ ಜ್ಯೋತಿಷದ ಯುಗವೂ 5 ವರ್ಷ, 62 ತಿಂಗಳು. ಚಂದ್ರನನ್ನು ನಂಬಿ ಎಣಿಸಿ ಸೂರ್ಯನಿಗೂ ಹೊಂದಿಸುವವರು ಯಾರೇ ಆಗಲಿ, ಇಂಥದ್ದೊಂದು ಲೆಕ್ಕಕ್ಕೇ ಬರುತ್ತಾರೆ. ಬ್ಯಾಬಿಲೋನಿನವರು 19 ವರ್ಷಕ್ಕೆ 7 ಅಧಿಕಮಾಸ ಹಾಕಿದರು. ಅವರನ್ನೇನೂ ನಾವು ನೆಂಟರೆನ್ನುವುದಿಲ್ಲವಲ್ಲ!

ಆದರೆ 62 ಚಾಂದ್ರಮಾಸಕ್ಕೆ ಸುಮಾರು 1831 ದಿನ, 5 ಸೌರವರ್ಷಕ್ಕೆ 1826. ಐದು ವರ್ಷದ ಒಂದೊಂದು ಆವರ್ತಕ್ಕೆ ಸುಮಾರು ಐದು ದಿನ ಜಾರಿದರೆ 30 ವರ್ಷಕ್ಕೆ ತಿಂಗಳ ಹತ್ತಿರ. ಗಾಲರು 30 ವರ್ಷಕ್ಕೊಮ್ಮೆ ಒಂದು ಅಧಿಕಮಾಸವನ್ನು ಬಿಡುತ್ತಿದ್ದರೆಂಬುದು ಕೆಲವು ವಿದ್ವಾಂಸರ ಊಹೆ. ನಮ್ಮವರು ಆ ಸಿದ್ಧ ಎಣಿಕೆಯನ್ನೇ ಕೈಬಿಟ್ಟು, ಸಂಕ್ರಾಂತಿ, ಅಂದರೆ ಸೂರ್ಯ ರಾಶಿ ಬದಲಿಸುವುದು, ಬೀಳದ ತಿಂಗಳೇ ಅಧಿಕ ಎಂದರು. 2023ರಲ್ಲಿ ಶ್ರಾವಣ ಅಧಿಕವಾಗಿ ವರಮಹಾಲಕ್ಷ್ಮಿ ಆಗಸ್ಟ್ 25ಕ್ಕೆ ಹೋದದ್ದು ಹೀಗೆ. ನನ್ನ ಮಟ್ಟಿಗೆ ಹೆಮ್ಮೆಪಡಬೇಕಾದದ್ದು ಈ ತಿದ್ದುಪಡಿಗೆ, ಇಲ್ಲದ ನೆಂಟಸ್ತಿಕೆಗಲ್ಲ.

ಗಾಲರು ಕಾಲವನ್ನು ರಾತ್ರಿಗಳಲ್ಲಿ ಎಣಿಸುತ್ತಿದ್ದರು. ನಮ್ಮ ದಿನಕ್ಕೆ ಹೆಸರು ಸೂರ್ಯೋದಯದ ತಿಥಿಯಿಂದ. ಯುರೋಪಿನಲ್ಲಿರುವ ನಮಗೆ ತೊಡಕು ಇಲ್ಲೇ. ಬೆಂಗಳೂರಿಗಿಂತ ಲಿಯೋನಿನಲ್ಲಿ ಸೂರ್ಯ ಹುಟ್ಟುವುದು ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ಆರು ಗಂಟೆ ತಡ. ಬೆಂಗಳೂರಿನಲ್ಲಿ ಬೆಳಿಗ್ಗೆ ಹುಟ್ಟುಹೊತ್ತಿಗೆ ಚೌತಿಯಿದ್ದು ಎರಡು ಗಂಟೆಯಲ್ಲಿ ಮುಗಿದರೆ, ಅದೇ ದಿನ ಇಲ್ಲಿ ಪಂಚಮಿ. ಊರಿಂದ ತರಿಸಿದ ಪಂಚಾಂಗ ಹಿಡಿದು ವ್ರತ ಮಾಡಿದರೆ ತಿಥಿ ತಪ್ಪಬಹುದು. ಇಲ್ಲಿನ ಅಕ್ಷಾಂಶ, ರೇಖಾಂಶಕ್ಕೆ ಗಣಿಸಿದ್ದನ್ನೇ ನೋಡಬೇಕು.